ಭಾನುವಾರದ ಉಷ್ಣಾಂಶ

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಳು ಬೆಳಗಿನ ಏಳು ಗಂಟೆಯನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಕೃಷಿ ಸಂಶೋಧನಾ ಕೇಂದ್ರದ ಹಿಂದೆ, ಉದ್ದ ಕಾಲಿನ ಬಿಳಿ ಮರದ ಪೆಟ್ಟಿಗೆ. ಅದರ ಬಾಗಿಲು ತೆಗೆದು, ಥರ್ಮಾಮೀಟರ್ ನೋಡಿ, ರಾತ್ರಿಯ ಕನಿಷ್ಠ ಉಷ್ಣಾಂಶ ಬರೆಯುವುದು ಅವಳ ಕೆಲಸ. ಉಸಿರಿನ ಬಿಸಿಗೂ ಅಂಕಿ ಕೆಡುತ್ತದೆ, ಉಸಿರು ಬಿಗಿಹಿಡಿದು ನೋಡು ಅಂತ ಕಲಿಸಿದವನು ಅಣ್ಣ. ಅವನಿಗೆ ಉಗ್ರಾಣಕ್ಕೆ ಬಡ್ತಿಯಾದ ಮೇಲೆ ವಾರದ ಆರು ದಿನ ಇವಳ ಪಾಲಿಗೆ ಬಂತು, ಭಾನುವಾರ ಅವನ ಪಾಲಿಗೇ ಉಳಿಯಿತು. ಅವನ ಭಾನುವಾರದ ಚೀಟಿಗಳು ನೇರ ಆಫೀಸಿಗೆ ಹೋಗುತ್ತಿದ್ದವು. ಇವಳು ಒಂದನ್ನೂ ನೋಡಿದವಳಲ್ಲ, ನೋಡಬೇಕೆನಿಸಿದ್ದೂ ಇಲ್ಲ.

ಬೇಸಾಯದ ಒಂದೊಂದು ಹವಾಗುಣ ವಲಯದಲ್ಲೂ ಸೆಕೆ ಎಷ್ಟು ಏರಿದೆ ಎಂದು ಲೆಕ್ಕ ಹಾಕಲು ಬಂದಿದ್ದ ವಿಜ್ಞಾನಿ, ಚಿಕ್ಕ ವಯಸ್ಸಿನ ಹುಡುಗಿ, ಆ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟಳು.

"ಈ ವಲಯಕ್ಕೆ ಇಷ್ಟು ಹಳೇ ದಾಖಲೆ ನಿಮ್ಮದೊಂದೇ ಮೇಡಂ. ಆದ್ರೆ ಭಾನುವಾರಗಳು ಯಾಕೋ ಸರಿ ಕಾಣ್ತಿಲ್ಲ. ಕಾರಣ ಗೊತ್ತಾಗದಿದ್ರೆ ಇಡೀ ಕೇಂದ್ರವನ್ನೇ ಕೈಬಿಡಬೇಕಾಗುತ್ತೆ."

"ನಮ್ಮಣ್ಣನ ಮೇಲೆ ಅನುಮಾನ ಪಡೋದಾದ್ರೆ ಮೊದಲು ನನ್ನ ಮೇಲೆ ಪಡಿ," ಎಂದಳು ಇವಳು, ಸಿಟ್ಟಿನಲ್ಲೇ. ತಪ್ಪು ತೋರಿಸಿ ನೋಡೋಣ ಎಂಬಂತೆ ಕಟ್ಟನ್ನು ತಾನೇ ಬಿಚ್ಚಿದಳು.

ಹನ್ನೊಂದು ವರ್ಷದ ಹಿಂದಿನ ಒಂದು ಚೀಟಿಯ ಮೇಲೆ ಕೈ ನಿಂತಿತು. ಆ ವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಶನಿವಾರ ಒರೆಸುವಾಗ ಥರ್ಮಾಮೀಟರ್ ಅವಳ ಕೈಜಾರಿ ಚೂರಾಗಿತ್ತು. ಹೊಸದು ಬಂದದ್ದು ಮಂಗಳವಾರ. ಅಣ್ಣನಿಗೆ ಹೇಳಿಕಳಿಸಲು ಆಗಿರಲಿಲ್ಲ, ಪೆಟ್ಟಿಗೆ ತೆಗೆದರೆ ಗೊತ್ತಾಗುತ್ತದಲ್ಲ ಅಂದುಕೊಂಡಿದ್ದಳು. ಖಾಲಿ ಪೆಟ್ಟಿಗೆಯ ಆ ಭಾನುವಾರಕ್ಕೆ ಅಣ್ಣನ ಗುಂಡು ಗುಂಡಾದ ಅಕ್ಷರದಲ್ಲಿ ಬರೆದಿತ್ತು: ೧೮.೪.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಸಂಜೆ ಅಣ್ಣನ ಮನೆಗೆ ಹೋಗಿ ಚೀಟಿಯನ್ನು ಅವನ ಮುಂದೆ ಹಿಡಿದಳು. ಅವನು ಕನ್ನಡಕ ಹಾಕಿಕೊಂಡು ನೋಡಿದ. ಸುಳ್ಳು ಹೇಳಲಿಲ್ಲ, ಅಷ್ಟು ಪುಣ್ಯ.

"ವಾರಕ್ಕೊಂದಿನ ರಜೆ. ಅಷ್ಟು ಬೇಗ ಯಾರು ಏಳ್ತಾರೆ? ಶನಿವಾರದ್ದು ನೋಡಿ ಅಂದಾಜಿಗೆ ಬರೀತಿದ್ದೆ. ಒಂದು ಡಿಗ್ರಿ ಆಚೀಚೆ ಆದ್ರೆ ಆಕಾಶ ಕಳಚಿ ಬೀಳುತ್ತಾ?"

ಎಲಾ ಮಹಾರಾಯ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವುದು ಇವನಂಥವರನ್ನು ನೋಡಿಯೇ. ಇವತ್ತು ಸೆಕೆ ಎಷ್ಟೇರಿದೆ ಎಂದು ಅಳೆಯುತ್ತಿರುವುದೇ ಆ ಒಂದು ಡಿಗ್ರಿಯ ಆಚೀಚೆಯಲ್ಲಿ.

ಆದರೆ ಅವಳು ಕೇಳಿದ್ದು ಬೇರೆ.

"ಅಮ್ಮ ತೀರ್ಕೊಂಡ ಆ ಗುರುವಾರ, ಅವಳ ಕೈ ಹಿಡ್ಕೊಂಡು ಕೂತಿದ್ದೆ. ಏಳಾಗ್ತಾ ಬಂತು, ಎದ್ದೇಳು ಅಂದವನು ನೀನು. ಅಮ್ಮ ಕಾಯ್ತಾಳೆ, ಅಂಕಿ ಕಾಯಲ್ಲ ಅಂದೆ. ನಾನು ವಾಪಸ್ ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ನೀನೇ ಮಾಡದ ಕೆಲಸಕ್ಕೆ ನನ್ನನ್ನ ಯಾಕೆ ಎಬ್ಬಿಸಿದೆ ಅಣ್ಣಾ?"

ಅವನು ಕನ್ನಡಕ ತೆಗೆದು ಮಡಿಚಿಟ್ಟ. "ನೀನು ಸರಿಯಾಗಿ ಬರೀತಿದ್ದೆಯಲ್ಲ, ಆ ಧೈರ್ಯದ ಮೇಲೇ ನಾನು ಮಲಗಿರ್ತಿದ್ದದ್ದು," ಎಂದ.

ಅವಳು ಅಳಲಿಲ್ಲ. ಅತ್ತಿಗೆ ತಂದಿಟ್ಟ ನೀರನ್ನೂ ಮುಟ್ಟದೆ ಎದ್ದು ಬಂದಳು.

ಮರುದಿನ ಏಳಕ್ಕೆ ಪೆಟ್ಟಿಗೆ ನೋಡಿ, ಅಂಕಿ ಬರೆದು, ವಿಜ್ಞಾನಿಯ ಕೋಣೆಗೆ ಹೋದಳು. ಎಲ್ಲವನ್ನೂ ಹೇಳಿದಳು, ಅಮ್ಮನ ವಿಷಯ ಒಂದನ್ನು ಬಿಟ್ಟು.

"ಭಾನುವಾರಗಳನ್ನ ಪೂರ್ತಿ ತೆಗೆದುಹಾಕಿ."

"ತೆಗೀತೀನಿ. ನಿಮ್ಮ ಆರು ದಿನ ನಿಲ್ಲುತ್ತೆ ಮೇಡಂ, ಅಷ್ಟೇ ಸಾಕು. ಭಾನುವಾರ ಖಾಲಿ ಇರೋದಕ್ಕೆ ಒಂದು ಕಾರಣ ಬರೀಬೇಕಲ್ಲ. ಏನಂತ ಬರೀಲಿ? ರಜೆ ಅಂತಲೇ?"

ರಜೆ ಎಂದರೆ ಅಣ್ಣನ ಮಾನ ಉಳಿಯುತ್ತಿತ್ತು. ಹುಡುಗಿ ಉಳಿಸಲೆಂದೇ ಕೇಳಿದ್ದಳು.

"ರಜೆ ಇರಲಿಲ್ಲ," ಎಂದಳು ಅವಳು. "ಆಳು ಇದ್ದ, ನೋಡಲಿಲ್ಲ ಅಂತ ಬರೀರಿ."