ಐಸ್‌ಲ್ಯಾಂಡಿನಿಂದ ಬಂದ ಫೋನು

"ಕುದುರೆ ಆರಾಮುಂಟು ಅಂತ ಹೇಳು. ಅಷ್ಟೇ. ಮತ್ತೆ ಎಂಥದೂ ಮಾತಾಡ್ಲಿಕ್ಕೆ ಹೋಗ್ಬೇಡ," ಎಂದ ದುಬೈಯ ಆ ಕುದುರೆ ಲಾಯದ ಮ್ಯಾನೇಜರ್ ಕಾನ್ರಾಡ್.

ಕುದುರೆ ನೋಡಿಕೊಳ್ಳುವ ಅನ್ಸಿಫ್ ಅವನಿಗೆ ಬೆನ್ನು ತಿರುಗಿಸಿ ನಿಂತಿದ್ದ. ಅವನೆದುರು ಮರದ ಹೊಟ್ಟಿನ ಮೇಲೆ ಹೆಣ್ಣುಕುದುರೆ ನೂರ್ ಬಿದ್ದುಕೊಂಡಿತ್ತು. ಹೊಟ್ಟೆನೋವಿನ ಕುದುರೆ ಉರುಳಾಡಬಾರದೆಂದು ಬೆಳಗಿನಿಂದ ಹಗ್ಗ ಹಿಡಿದು ಅದನ್ನು ಅಂಗಳದಲ್ಲಿ ನಡೆಸಿದ್ದ. ಆಗಸ್ಟಿನ ಬಿಸಿಲಿಗೆ ಕಣ್ಣು ಕತ್ತಲಿಟ್ಟರೂ ನಿಂತಿರಲಿಲ್ಲ. ಆದರೂ ಕರುಳು ತಿರುಚಿಕೊಂಡಿತ್ತು. ಮುದಿ ಜೀವ, ಆಪರೇಷನ್ ತಡೆಯುವುದಿಲ್ಲ ಎಂದ ಡಾಕ್ಟರು ಕೊನೆಯ ಇಂಜೆಕ್ಷನ್ ಸಿದ್ಧಮಾಡುತ್ತಿದ್ದರು. ಕುದುರೆಯ ಧಣಿ, ಭಟ್ಕಳದ ವ್ಯಾಪಾರಿ ಅಬ್ದುಲ್ ಬಾರಿ, ಜೆಬೆಲ್ ಅಲಿಯ ಗೋದಾಮಿನಿಂದ ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರು. ಮಗಳಿಗೆ ಮಾತ್ರ ತಿಳಿಯಬಾರದು ಎಂದಿದ್ದರು.

ಮಗಳು ಮನಾಲ್ ಗೆಳತಿಯ ಮನೆಯವರ ಜೊತೆ ಐಸ್‌ಲ್ಯಾಂಡಿಗೆ ಹೋಗಿದ್ದಳು, ಕುದುರೆ ಸವಾರಿಯ ರಜೆಗೆ. ಮರವಿಲ್ಲದ ಬಯಲು, ಕಪ್ಪು ಕಲ್ಲು, ಹಿಮ ಕರಗಿದ ಹೊಳೆ ದಾಟುವ ಜೂಲು ಕುದುರೆಗಳು. ಫೋಟೋಗಳೆಲ್ಲ ಅನ್ಸಿಫ್‌ನ ಮೊಬೈಲಿಗೂ ಬರುತ್ತಿದ್ದವು. ಅವಳಿಗೆ ಸವಾರಿ ಕಲಿಸಿದವನು ಅವನೇ. ಪ್ರತಿ ಫೋಟೋದ ಕೆಳಗೂ ಒಂದೇ ಮಾತು: ನೂರ್‌ಗೆ ತೋರಿಸಿ. ಅವನು ತೋರಿಸುತ್ತಿದ್ದ. ನೂರ್ ಪರದೆಯನ್ನು ನೆಕ್ಕುತ್ತಿತ್ತು.

"ಬಂದ ಮೇಲೆ ಹೇಳಿದ್ರೆ ಆಯ್ತಲ್ಲ ಮಾರಾಯ. ಅಷ್ಟು ದೂರ ಕೂತು ಅಳುದು ಯಾಕೆ? ನಮ್ಮವರೆಲ್ಲ ಹಾಗೇ ಅಲ್ವಾ ಮಾಡುದು?" ಎಂದ ಕಾನ್ರಾಡ್.

"ಹೌದು, ಹಾಗೇ ಮಾಡುದು." ಅನ್ಸಿಫ್ ಗಕ್ಕನೆ ತಿರುಗಿದ. "ನನ್ನ ಹೆತ್ತ ಉಮ್ಮನಿಗೆ ಸ್ವಲ್ಪ ಜ್ವರ ಅಂದ್ರು ಊರಿಂದ. ನಾನಿಲ್ಲಿ ಕ್ರಿಕೆಟ್ ಆಡಿದೆ. ಗೆದ್ದು ಕುಣಿದೆ. ದೇರಾ ಮಾರ್ಕೆಟಿಗೆ ಹೋಗಿ ಅವಳ ಕಾಲುನೋವಿಗೆ ಎಣ್ಣೆ ತಗೊಂಡೆ. ಅವಳನ್ನು ಮಣ್ಣು ಮಾಡಿ ಆಗಿತ್ತು ಆಗ! ಮಣ್ಣು ಮಾಡಿ ಆಗಿತ್ತು!"

ಕಾನ್ರಾಡ್ ನೆಲ ನೋಡಿದ. "ಅದು ಉಮ್ಮ. ಇದು ಕುದುರೆ."

"ನಿಮಗೆ ಕುದುರೆ."

ಅಷ್ಟರಲ್ಲಿ ಮನಾಲ್‌ಳದೇ ಫೋನು ಬಂತು.

"ಅನ್ಸಿಫ್ ಭಾಯ್! ಗುಡ್ಡ ಹತ್ತಿದ್ಮೇಲೆ ಸಿಗ್ನಲ್ ಸಿಕ್ತು. ನನ್ನ ಈ ಕುದುರೆ ಸೋ ಫನ್ನಿ, ಕುಳ್ಳಗೆ, ನಿಮ್ಮ ಹಾಗೇ! ನೂರ್ ಏನ್ ಮಾಡ್ತಿದ್ದಾಳೆ?"

ಕಾನ್ರಾಡ್ ಕೈಯಾಡಿಸಿ ಬೇಡ ಎಂದ. ಆಮೇಲೆ ಪಿಸುಗುಟ್ಟಿದ: "ಹೇಳಿದ್ರೆ ನಿನ್ನ ಕೆಲಸ ಖಲಾಸ್, ನೋಡು."

"ಕುದುರೆಯಿಂದ ಕೆಳಗಿಳಿ ಮನಾಲ್," ಎಂದ ಅನ್ಸಿಫ್.

"ವಾಟ್?"

"ಮೊದಲು ಇಳಿ. ಇಳಿದ್ಯಾ? ಲಗಾಮು ಬೇರೆಯವರ ಕೈಗೆ ಕೊಡು. ಈಗ ಕೂತ್ಕೋ."

ಅವನು ಎಲ್ಲವನ್ನೂ ಹೇಳಿದ. ಜ್ವರ ಎನ್ನಲಿಲ್ಲ, ಸ್ವಲ್ಪ ಎನ್ನಲಿಲ್ಲ.

"ಅಬ್ಬಾಗೆ ಗೊತ್ತುಂಟಾ?"

"ಗೊತ್ತುಂಟು."

"ಈಗ... ಇದ್ದಾಳಾ?"

"ಇದ್ದಾಳೆ. ಬೇಗ ಮಾತಾಡು."

ಅವನು ಮೊಣಕಾಲೂರಿ ಫೋನನ್ನು ನೂರ್‌ನ ಕಿವಿಗೆ ಹಿಡಿದ. ಒಳಗಿಂದ ಸಣ್ಣ ದನಿಯೊಂದು ಮನೆಮಾತು ನವಾಯತಿಯಲ್ಲಿ ಏನೋ ಹೇಳುತ್ತಿತ್ತು, ನಡುನಡುವೆ ಹೆಸರು ಕರೆಯುತ್ತಿತ್ತು. ಬೆಳಗಿನಿಂದ ಜೋತುಬಿದ್ದಿದ್ದ ಕಿವಿ ಮೆಲ್ಲಗೆ ಆ ದನಿಯತ್ತ ಹೊರಳಿತು. ಡಾಕ್ಟರು ಕುತ್ತಿಗೆಯ ಪಕ್ಕ ಕುಳಿತರು. ಕಾನ್ರಾಡ್ ಟೋಪಿ ತೆಗೆದ.

ಎಲ್ಲ ಮುಗಿದ ಮೇಲೂ ಅನ್ಸಿಫ್ ಕೈ ತೆಗೆಯಲಿಲ್ಲ. ಫೋನಿನಲ್ಲಿ ಈಗ ಐಸ್‌ಲ್ಯಾಂಡಿನ ಬಯಲಿನ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಅದರೊಳಗೆ ಯಾವುದೋ ಕುದುರೆ ಹುಲ್ಲು ಕಿತ್ತು ತಿನ್ನುವ ಸದ್ದು.