ಬಣ್ಣದ ಮುಖ ಹೊರಗೆ

ನಾನು ಬರೆಯೋನು, ಓದೋನಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ 'ನಿನಗೆ ಗೊತ್ತಿರಲಿಲ್ವಾ' ಅಂತ ಕೇಳೋದು ಬೇಡ. ಗೋಡೆ ಮೇಲೆ, ಬೋರ್ಡಿನ ಮೇಲೆ ಅಕ್ಷರ ಬರೆದು ಹೊಟ್ಟೆ ಹೊರೆಯೋ ಪೇಂಟರು ನಾನು. ಏಳು ಚುನಾವಣೆ ಕಂಡಿದ್ದೀನಿ. ಎಲ್ಲ ಪಕ್ಷದವರ ಘೋಷಣೆನೂ ಇದೇ ಕೈಯಲ್ಲಿ ಬರೆದಿದ್ದೀನಿ, ಒಬ್ಬರದ್ದು ಅಳಿಸಿ ಅದರ ಮೇಲೇ ಇನ್ನೊಬ್ಬರದ್ದು. ಬರೆದದ್ದನ್ನೆಲ್ಲ ಓದ್ತಾ ಕೂತಿದ್ರೆ ಯಾವತ್ತೋ ತಲೆ ಕೆಟ್ಟುಹೋಗ್ತಿತ್ತು. ಅಕ್ಷರ ದುಂಡಗಿದೆಯಾ, ಸಾಲು ನೆಟ್ಟಗಿದೆಯಾ, ಅಷ್ಟೇ ನನ್ನ ಚಿಂತೆ.

ನನಗೆ ಬಣ್ಣ ಕಲಸಿಕೊಡೋನು ಭಾವ. ಭಾವ ಅಂದ್ರೆ ರಕ್ತಸಂಬಂಧ ಏನೂ ಇಲ್ಲ. ಅವನ ದೇವರೇ ಬೇರೆ, ನನ್ನ ದೇವರೇ ಬೇರೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅವನನ್ನು 'ಅಣ್ಣ' ಅಂದಳು, ಅವತ್ತಿಂದ ನನಗೆ ಭಾವ ಆದ. ನಾನು ನಾಲ್ಕನೇ ಕ್ಲಾಸು ದಾಟದಿದ್ರೂ ಅವನು ನನ್ನನ್ನು ಕರೆಯೋದು 'ಮೇಷ್ಟ್ರೇ' ಅಂತ. ಇಬ್ಬರದ್ದೂ ಒಂದೇ ಬೀದಿ. ಗಿರಣಿ ಬೀದಿಯ ಆ ತುದಿಯಲ್ಲಿ ಅವನ ಮನೆ, ಈ ಮೂಲೆಯಲ್ಲಿ ನಂದು. ಅವನ ತಾಯಿ ಹಾಸಿಗೆ ಹಿಡಿದು ಮೂರು ವರ್ಷ ಆಯ್ತು. ಗಾಳಿ ಬರಲಿ ಅಂತ ಬಾಗಿಲ ಪಕ್ಕದಲ್ಲೇ ಮಂಚ ಹಾಕಿದ್ದಾನೆ. ನಾನು ಯಾವಾಗ ಹೋದ್ರೂ ಆ ಮುದುಕಿ ಕೇಳೋದು ಒಂದೇ ಮಾತು, "ಉಂಡ್ಯೇನೋ?"

ನಮ್ಮ ಜಾತಿಯವರನ್ನು ಊರಿನ ದೊಡ್ಡ ಪ್ರಾರ್ಥನಾ ಮಂದಿರದ ಮೆಟ್ಟಿಲು ಹತ್ತಿಸ್ತಿರಲಿಲ್ಲ. ನಮ್ಮಜ್ಜ ಅದರ ಗೋಡೆಗೆ ಸುಣ್ಣ ಬಳಿದವನು, ಹೊರಗಿನ ಗೋಡೆಗೆ ಮಾತ್ರ. ಈ ಸಲ ಚುನಾವಣೆಗೆ ನಿಂತ ಮುಖಂಡ ಮೂರು ಮಾತಿಗೊಂದು ಸಲ ಅಭಿವೃದ್ಧಿ ಅಂತಾನೆ, ಅದಕ್ಕೆ ಜನ ಅವನಿಗೆ ಅಭಿವೃದ್ಧಿ ಅಣ್ಣ ಅಂತಲೇ ಹೆಸರಿಟ್ಟಿದ್ದಾರೆ. ಗೆದ್ದ ವಾರವೇ ಅವನು ನಮ್ಮನ್ನೆಲ್ಲ ಮಂದಿರದೊಳಗೆ ಕರೆಸಿದ. ಮುಂದಿನ ಸಾಲಲ್ಲಿ ಕೂರಿಸಿದ. "ನೀವೂ ನಮ್ಮವರೇ. ನಿಮ್ಮನ್ನು ದೂರ ಇಟ್ಟಿದ್ದು ನಮ್ಮ ಹಿರಿಯರ ತಪ್ಪು. ದೂರ ಇಡಬೇಕಾದವರು ಬೇರೆ ಇದ್ದಾರೆ" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ. ಸುಳ್ಳು ಯಾಕೆ ಹೇಳ್ಲಿ, ಆ ಕುರ್ಚಿ ಮೆತ್ತಗಿತ್ತು.

ಅವನು ಗೆದ್ದ ಮರುತಿಂಗಳು ಕಚೇರಿಯ ಗುಮಾಸ್ತ ಹೇಳಿ ಕಳಿಸಿದ. ಗಿರಣಿ ಬೀದಿಯ ಮೂವತ್ತೊಂಬತ್ತು ಬಾಗಿಲಿಗೆ ಹಳದಿ ವೃತ್ತ ಹಾಕಬೇಕು, ವೃತ್ತದೊಳಗೆ ನಂಬರು ಬರೀಬೇಕು.

"ಏನಕ್ಕೆ ಸ್ವಾಮಿ?" ಅಂದೆ.

"ನೀರಿನ ಪೈಪು ಬರುತ್ತೆ. ಗುರುತು ಇದ್ದ ಮನೆಗೆ ಮೊದಲು" ಅಂದ. ಮನೆ ನಂಬರು, ಎದುರಿಗೆ ಹೆಸರು ಇದ್ದ ಒಂದು ಪಟ್ಟಿ ಕೊಟ್ಟ. ನಾನು ನಂಬರು ನೋಡಿದೆ, ಹೆಸರು ನೋಡಲಿಲ್ಲ. ಸುಣ್ಣದಲ್ಲಿ ಬರೆದ್ರೂ ಸಾಕು ಅಂತ ಅವನೇ ಅಂದ. ನನಗೆ ಸಿಟ್ಟು ಬಂತು. ಒಂದು ಮಳೆಗೆ ಅಳಿಸಿಹೋಗೋ ಕೆಲಸ ನಾನು ಮಾಡಿದೋನಲ್ಲ.

ಭಾವನೂ ಅದನ್ನೇ ಹೇಳಿದ. "ನೀರು ಬರೋವರೆಗೆ ನಿಲ್ಲಬೇಕು ಮೇಷ್ಟ್ರೇ. ಈ ಸರ್ಕಾರದ ನೀರು ಯಾವ ಕಾಲಕ್ಕೆ ಬರುತ್ತೋ!" ಅಂತ ನಗ್ತಾ ಎಣ್ಣೆಬಣ್ಣಕ್ಕೆ ವಾರ್ನಿಶ್ ಸೇರಿಸಿ ಕಲಸಿದ. ಒಣಗಿದ ಮೇಲೆ ಉಗುರಲ್ಲಿ ಕೆರೆದ್ರೂ ಏಳೋದಿಲ್ಲ, ಅಂಥ ಬಣ್ಣ. ಎರಡು ದಿನದಲ್ಲಿ ಕೆಲಸ ಮುಗೀತು. ಭಾವನ ಬಾಗಿಲು ಇಪ್ಪತ್ತೇಳನೇದು. ಅದು ಅವನಪ್ಪ ಕೈಯಾರೆ ಮಾಡಿದ ಗಟ್ಟಿ ಮರದ ಬಾಗಿಲು. ಅದರ ಮೇಲೆ ನನ್ನ ವೃತ್ತ ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ, ಇಬ್ಬರೂ ದೂರ ಹೋಗಿ ನಿಂತು ನೋಡಿದ್ವಿ.

ವೃತ್ತ ಸಿಗದವರು ನನ್ನ ಬೆನ್ನು ಬಿಡಲಿಲ್ಲ. "ನಮಗೂ ಒಂದು ಹಾಕು, ನಿನ್ನಪ್ಪನ ಗಂಟೇನು ಹೋಗುತ್ತೆ?" ಅಂತ ಬೈದವರೂ ಇದ್ರು. ಮನೆಗೆ ಬಂದ್ರೆ ಹೆಂಡತಿ ಮೂತಿ ಊದಿಸಿಕೊಂಡಿದ್ಲು. ಕಾರ್ಖಾನೆಯಲ್ಲಿ ಸಂಜೆ ಪಾಳಿ ಹೊಲಿಗೆ ಮುಗಿಸಿ ಬಂದು, ಬೆಳಗಾಗೋ ಮೊದಲೇ ಎದ್ದು, ಎರಡು ಬೀದಿ ಆಚೆಯಿಂದ ನೀರು ಹೊರೋಳು ಅವಳು.

"ಬ್ರಷ್ಷು ನಿಮ್ಮ ಕೈಯಲ್ಲೇ ಇದೆ, ನಮ್ಮನೆಗೊಂದು ವೃತ್ತ ಇಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ!"

"ಪಟ್ಟಿಯಲ್ಲಿ ಇಲ್ವಲ್ಲೇ, ನಾನೇನು ಮಾಡ್ಲಿ?"

"ಪಟ್ಟಿಯಂತೆ ಪಟ್ಟಿ!" ಅಂತ ಬಿಂದಿಗೆ ಕುಕ್ಕಿದಳು.

ವಾರ ಕಳೆದ ಮೇಲೆ ಕೂಲಿ ತಗೊಳ್ಳೋಕೆ ಕಚೇರಿಗೆ ಹೋದೆ. ಗುಮಾಸ್ತನ ಮೇಜಿನ ಮೇಲೆ ದೊಡ್ಡ ನಕ್ಷೆ ಹಾಸಿತ್ತು. ಗಿರಣಿ ಬೀದಿ ಇರಬೇಕಾದ ಜಾಗದಲ್ಲಿ ಅಗಲವಾದ ರಸ್ತೆ, ಪಕ್ಕದಲ್ಲಿ ಮಂದಿರದ ಹೊಸ ಕಟ್ಟಡ, ಅದರ ಕೆಳಗೆ ಅಂಗಡಿಗಳ ಸಾಲು.

"ಮನೆಗಳೆಲ್ಲಿ?" ಅಂದೆ.

ಅವನು ನಕ್ಷೆಯ ಮೇಲಿದ್ದ ಲೋಟ ಎತ್ತಿ ಒಂದು ಗುಟುಕು ಕುಡಿದ. "ನೀನೇ ಗುರುತು ಹಾಕಿದ್ದೀಯಲ್ಲ. ಅವು ಹೋಗುತ್ತೆ. ಅಕ್ರಮ ಅಂತ ಆದೇಶ ಆಗಿದೆ."

"ನೀರು ಅಂದ್ರಲ್ಲ ಸ್ವಾಮಿ?"

"ಆ ಜನಕ್ಕೆ ಇನ್ನೇನು ಹೇಳ್ಬೇಕಿತ್ತು? ನೀನು ನಮ್ಮವನು ಅಂತ ನಿನಗೆ ಹೇಳ್ತಿದ್ದೀನಿ. ಬಾಯಿ ಬಿಡಬೇಡ. ಹೊಸ ಅಂಗಡಿಗಳ ಬೋರ್ಡೆಲ್ಲ ನಿನ್ನ ಕೈಗೇ ಬರುತ್ತೆ, ಇನ್ನೂರು ಬೋರ್ಡು."

ಆಗ ಹೆಸರು ಓದೋ ಅಗತ್ಯವೇ ಇರಲಿಲ್ಲ. ಮೂವತ್ತೊಂಬತ್ತು ಬಾಗಿಲೂ ಕಣ್ಣ ಮುಂದೆ ಬಂದವು. ಅಷ್ಟೂ ಭಾವನ ದೇವರಿಗೆ ಕೈಮುಗಿಯೋರ ಮನೆಗಳು. ಆದ್ರೂ ಮೂರು ದಿನ ನಾನು ಬಾಯಿ ಬಿಡಲಿಲ್ಲ. ಇನ್ನೂರು ಬೋರ್ಡು ನನ್ನ ಬಾಯಿ ಕಟ್ಟಿಹಾಕಿತ್ತು. ಥೂ, ನನ್ನ ಜನ್ಮಕ್ಕಿಷ್ಟು! ಭಾವ ದಿನಾ ಬಂದು ಪಕ್ಕದಲ್ಲಿ ಕೂತು ಬ್ರಷ್ಷು ತೊಳೀತಿದ್ದ. "ಏನ್ ಮೇಷ್ಟ್ರೇ, ನಾಲಿಗೆ ಒತ್ತೆ ಇಟ್ಟಿದ್ದೀರಾ?" ಅಂತ ಕೇಳ್ತಿದ್ದ. ಹಲ್ಲುನೋವು ಅಂತ ಸುಳ್ಳು ಹೇಳ್ದೆ.

ನಾಲ್ಕನೇ ದಿನ ಊರ ಹೊರಗಿನ ಮೈದಾನದಲ್ಲಿ ಎರಡು ಯಂತ್ರ ಬಂದು ನಿಂತವು, ಮನೆ ಕೆಡವೋ ಅಂಥವು. ನಾಳೆ ಬೆಳಿಗ್ಗೆ ಅಂತ ಗುಮಾಸ್ತ ಹೇಳ್ದ. ಆಮೇಲೆ ನನ್ನ ಕೈಲಿ ತಡೆಯೋಕಾಗಲಿಲ್ಲ. ಮಧ್ಯಾಹ್ನ ಬೀದಿಯೆಲ್ಲ ಕೆಲಸಕ್ಕೆ ಹೋಗಿದ್ದಾಗ ಸೀಮೆಎಣ್ಣೆ, ಬಟ್ಟೆ ತಗೊಂಡು ಇಪ್ಪತ್ತೇಳನೇ ಬಾಗಿಲಿಗೆ ಹೋದೆ. ಉಜ್ಜಿದೆ. ಟರ್ಪೆಂಟೈನ್ ಹಾಕಿ ಉಜ್ಜಿದೆ. ಮರ ಕಪ್ಪಾಯ್ತೇ ವಿನಾ ವೃತ್ತ ಇನ್ನೂ ಹೊಳೀತು.

"ಉಂಡ್ಯೇನೋ?" ಅಂತು ಮಂಚದಿಂದ ಮುದುಕಿಯ ದನಿ. ಅದರ ಹಿಂದೆಯೇ ಭಾವ ಹೊರಗೆ ಬಂದ.

"ಯಾಕೆ ಉಜ್ಜುತ್ತಿದ್ದೀರಾ? ನೀರು ಬೇಡ್ವಾ ನಮಗೆ?"

ಎಲ್ಲ ಹೇಳ್ದೆ. ಕೊನೆಗೆ ಅವನು ಕೇಳಿದ್ದು ಒಂದೇ. "ಎಷ್ಟು ದಿನ ಆಯ್ತು ಗೊತ್ತಾಗಿ?"

"ಮೂರು."

ಅವನು ಬೈದಿದ್ರೆ ಚೆನ್ನಾಗಿರ್ತಿತ್ತು. ಬಾಗಿಲ ಮೇಲೆ ಬೆರಳಾಡಿಸಿದ. "ವಾರ್ನಿಶ್ ಹಾಕಿದ್ದು ನಾನೇ ಅಲ್ವಾ" ಅಂದ. "ಇದು ಹೋಗಲ್ಲ. ಮೇಲೆ ಬೇರೆ ಬಣ್ಣ ಮೂರು ಸಲ ಬಳಿದ್ರೂ ಹಳದಿ ಇಣುಕುತ್ತೆ. ಹಸಿ ಬಣ್ಣ ಕಂಡ್ರೆ ಅವರಿಗೆ ಅನುಮಾನ ಬೇರೆ."

ಕೆಡವೋಕೆ ಬರೋರು ಹೊರಗಿನವರು, ಅವರ ಕೈಲಿ ಪಟ್ಟಿ ಇರಲ್ಲ, ವೃತ್ತ ನೋಡಿಕೊಂಡು ಹೋಗ್ತಾರೆ. ಇದನ್ನೂ ಗುಮಾಸ್ತನೇ ಹೇಳಿದ್ದ. ಹಾಗಾದ್ರೆ ಬಾಗಿಲೇ ಇಲ್ಲದಿದ್ರೆ? ಬೀದಿಯಲ್ಲಿ ಪರದೆ ಹಾಕಿಕೊಂಡಿರೋ ಮನೆಗಳು ಬೇಕಾದಷ್ಟಿವೆ. ಇಬ್ಬರೂ ಸೇರಿ ಕೀಲು ಬಿಚ್ಚಿದ್ವಿ. ಒಡೆದು ಒಲೆಗೆ ಹಾಕೋಣ ಅಂದೆ. "ನಮ್ಮಪ್ಪನ ಬಾಗಿಲು" ಅಂದ, ಅಷ್ಟೇ. ದುಪ್ಪಟಿ ಹೊದಿಸಿ ಹಗಲಲ್ಲೇ ಹೊತ್ತುಕೊಂಡು ನನ್ನ ಮನೆಗೆ ತಂದ್ವಿ. ಇಬ್ಬರು ಪೇಂಟರು ಬಾಗಿಲು ಹೊತ್ರೆ ಯಾರು ಕೇಳ್ತಾರೆ?

ಮನೆಯೊಳಗೆ ಕಾಲಿಡೋಕೆ ಜಾಗ ಇಲ್ಲ, ಬರೀ ಬೋರ್ಡು. ನಾನು ಬೋರ್ಡು ಒಣಗಿಸೋ ಜಾಗ ಇದೆಯಲ್ಲ, ಮುಂಬಾಗಿಲ ಪಕ್ಕದ ಗೋಡೆ, ಅಲ್ಲಿಗೆ ಒರಗಿಸಿದ್ವಿ. ಸೀಮೆಎಣ್ಣೆ ಇನ್ನೂ ಒದ್ದೆ ಇತ್ತು, ಅದಕ್ಕೆ ದುಪ್ಪಟಿ ತೆಗೆದೆ. ಈ ಕಸುಬು ಕಲಿಸಿದ ನಮ್ಮ ಗುರು ಮೊದಲ ದಿನವೇ ಕೈಗೆ ಬಾರಿಸಿ ಕಲಿಸಿದ ಪಾಠ ಅದು. ಒದ್ದೆ ಮುಖಕ್ಕೆ ಬಟ್ಟೆ ತಾಗಬಾರದು, ಬಣ್ಣದ ಮುಖ ಗೋಡೆಗೆ ತಾಗಬಾರದು. ಒರಗಿಸಿದ್ರೆ ಬಣ್ಣದ ಮುಖ ಯಾವಾಗಲೂ ಹೊರಗೆ. ಮೂವತ್ತು ವರ್ಷದಲ್ಲಿ ಸಾವಿರಾರು ಬೋರ್ಡು ಹಾಗೆ ಒರಗಿಸಿದ್ದೀನಿ. ಆ ಬಾಗಿಲನ್ನೂ ಹಾಗೇ ಒರಗಿಸಿದೆ. ಭಾವನೂ ನೋಡಿದ. ಅವನಿಗೂ ಏನೂ ಅನ್ನಿಸಲಿಲ್ಲ.

ಸಂಜೆ ಭಾವ ಮನೆಮನೆಗೆ ಹೋಗಿ ಮೆಲ್ಲಗೆ ಹೇಳಿದ. ಕೆಲವರು ನಂಬಲಿಲ್ಲ, "ನೀರು ಬರೋದು ನಿನಗೆ ಹೊಟ್ಟೆಕಿಚ್ಚಾ?" ಅಂದ್ರು. ಉಳಿದವರು ಬಾಗಿಲು ಬಿಚ್ಚೋಕೆ ಒಪ್ಪದೆ ಉಜ್ಜೋಕೆ ಶುರು ಮಾಡಿದ್ರು. ಆ ತುದಿಯೆಲ್ಲ ಸೀಮೆಎಣ್ಣೆ ವಾಸನೆ. ಒಂದು ವೃತ್ತವೂ ಹೋಗಲಿಲ್ಲ. ನನ್ನ ಕೆಲಸ ಅಷ್ಟು ಅಚ್ಚುಕಟ್ಟು.

ನಾನು ಭಾವನ ಮನೆಯಲ್ಲೇ ಉಳಿದೆ, ಬೆಳಿಗ್ಗೆ ಯಾರಾದ್ರೂ ಬಂದು ಕೇಳಿದ್ರೆ 'ಇದು ನಮ್ಮವರ ಮನೆ' ಅನ್ನೋಣ ಅಂತ. ಹೆಂಡತಿಗೆ ಫೋನ್ ಮಾಡಿ, ಭಾವನ ಅಮ್ಮನಿಗೆ ಹುಷಾರಿಲ್ಲ ಅಂದೆ. ನಿಜ ಹೇಳಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲಲ್ಲ ಅನ್ನೋದು ನನ್ನ ಲೆಕ್ಕ. ಮೂರು ದಿನ ಗುಟ್ಟು ಇಟ್ಟುಕೊಂಡು ಈ ಗಂಡಸು ಏನು ಕಡಿದು ಕಟ್ಟೆ ಹಾಕಿದ್ದ ಅಂತ ಕೇಳೋರಿರಲಿಲ್ಲ.

ಬೆಳಕು ಹರಿಯೋ ಹೊತ್ತಿಗೆ ಯಂತ್ರದ ಸದ್ದು ಕೇಳ್ತು. ಪರದೆಯ ಹಿಂದೆ ನಾವು ನಿಂತ್ವಿ. ಮುದುಕಿ ಮಗನ ಕೈ ಹಿಡ್ಕೊಂಡಿತ್ತು. ಆದ್ರೆ ಸದ್ದು ಹತ್ತಿರ ಬರಲಿಲ್ಲ. ದೂರದಲ್ಲೇ ನಿಂತು ಗುರ್ ಅಂತಿತ್ತು. ಆಮೇಲೆ ಗೋಡೆ ಬಿದ್ದ ಸದ್ದು.

"ಮೂಲೆಯಲ್ಲಿ" ಅಂದ ಭಾವ. "ಅಲ್ಲಿ ಗುರುತಿರೋ ಮನೆ ಯಾವುದೂ ಇಲ್ವಲ್ಲ ಮೇಷ್ಟ್ರೇ?"

ಒರಗಿಸಿದ ಬಾಗಿಲು, ಹೊರಗಿದ್ದ ಮುಖ, ಎಲ್ಲ ಒಟ್ಟಿಗೇ ನೆನಪಾಯ್ತು. ಚಪ್ಪಲಿ ಹಾಕದೆ ಓಡಿದೆ.

ನನ್ನ ಮನೆಯ ಮುಂಗೋಡೆ ನೆಲಕ್ಕೆ ಬಿದ್ದಿತ್ತು. ಚಾವಣಿ ಅರ್ಧ ನೇತಾಡ್ತಿತ್ತು. ಬೀದಿ ನಡುವೆ ಹೆಂಡತಿ ನಿಂತಿದ್ಲು, ಎರಡು ಕೈಯಲ್ಲೂ ಬಿಂದಿಗೆ. ಫಳಫಳ ಹೊಳೀತಿದ್ದವು, ಬೆಳಿಗ್ಗೆ ತಿಕ್ಕಿ ತೊಳೆದಿದ್ದಳು.

"ಈ ವೃತ್ತ ನಿಮ್ಮದಾ ಅಂತ ಕೇಳಿದ್ರು" ಅಂದಳು. ದನಿಯಲ್ಲಿ ಅಳು ಇರಲಿಲ್ಲ. "ಹೌದು, ನಮ್ಮದೇ ಅಂದೆ. ನಿನ್ನೆ ತಂದಿಟ್ಟಿದ್ದೀರಲ್ಲ, ನನಗೋಸ್ಕರ ಅಂದ್ಕೊಂಡೆ. ನೀರು ಕೊಡೋಕೆ ಬಂದಿದ್ದಾರೆ ಅಂದ್ಕೊಂಡೆ. ಆಮೇಲೆ ಅಲ್ಲ ಅಲ್ಲ ಅಂತ ಕೂಗಿದೆ. ಈಗ ತಾನೇ ಹೌದು ಅಂದ್ಯಲ್ಲ ಅಂದ್ರು. ಐದು ನಿಮಿಷ ಕೊಟ್ರು. ಏನು ತರಬೇಕು ಅಂತ ತೋಚಲಿಲ್ಲ. ಕೈಯಲ್ಲಿ ಇದಿತ್ತು."

ಅವಳ ಕಾಲಿಗೆ ಬಿದ್ದುಬಿಡಬೇಕು ಅನ್ನಿಸ್ತು. ಬೀಳೋಕೂ ಧೈರ್ಯ ಬರಲಿಲ್ಲ.

ಯಂತ್ರ ಮುಂದೆ ಹೋಯ್ತು. ಒಂದೊಂದೇ ವೃತ್ತ. ಪರದೆ ಇದ್ದ ಮನೆಯ ಮುಂದೆ ನಿಲ್ಲಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತ ಬೀದಿ ತುದಿಯಲ್ಲಿ ಮೇಜು ಕುರ್ಚಿ ಹಾಕಿ ಕೂತಿದ್ದ. ನಾನು ಹೋಗಿ ಮೇಜು ಗುದ್ದಿದೆ. "ನನ್ನ ಮನೆ ಪಟ್ಟಿಯಲ್ಲಿ ಇರಲಿಲ್ಲ!"

ಅವನು ತಲೆಯೆತ್ತಲಿಲ್ಲ. "ಮೂವತ್ತೊಂಬತ್ತು ವೃತ್ತ, ಮೂವತ್ತೊಂಬತ್ತು ಮನೆ. ಸರಿಯಾಗಿದೆ. ನಿನ್ನದು ಸ್ವಲ್ಪ ಬೇಗ ಆಯ್ತು, ಅಷ್ಟೇ."

"ಬೇಗ ಅಂದ್ರೆ?"

ಚೀಲದಿಂದ ಇನ್ನೊಂದು ಪಟ್ಟಿ ತೆಗೆದು ಕೈಗಿಟ್ಟ. "ಎರಡನೇದು. ಈ ಬೀದಿಯ ಮೂಲೆ, ಹಿಂದಿನ ಬೀದಿಗಳು. ಸೋಮವಾರದೊಳಗೆ ಆಗ್ಬೇಕು. ಬಣ್ಣ ಅದೇ ಇರಲಿ, ಗಟ್ಟಿ ಬಣ್ಣ. ಸಾಹೇಬರು ಮೆಚ್ಚಿದ್ದಾರೆ."

ಪಟ್ಟಿ ಹಿಡ್ಕೊಂಡು ಭಾವನ ಮನೆಗೆ ವಾಪಸ್ ಬಂದೆ. ಅಷ್ಟರಲ್ಲಿ ಅವನು ನನ್ನ ಹೆಂಡತಿಯನ್ನು ಕರ್ಕೊಂಡು ಬಂದಿದ್ದ. ಪರದೆ ಎತ್ತಿ ಹಿಡಿದು, "ಒಳಗೆ ಬನ್ನಿ ಮೇಷ್ಟ್ರೇ. ಬಾಗಿಲು ತಟ್ಟೋ ಕಷ್ಟವೂ ಇಲ್ಲ" ಅಂದ. ಮುದುಕಿ ನನ್ನನ್ನು ನೋಡಿ, "ಉಂಡ್ಯೇನೋ?" ಅಂತು. ಅಲ್ಲೇ ನೆಲದ ಮೇಲೆ ಕೂತು ಗೊಳೋ ಅಂತ ಅತ್ತೆ.

ಅತ್ತು ಮುಗಿದ ಮೇಲೆ ಪಟ್ಟಿ ಬಿಡಿಸಿದೆ. ಮೇಲೆ ಕಚೇರಿಯ ಮೊಹರು, ತಾರೀಖು. ಮೊದಲನೇ ಪಟ್ಟಿಯ ತಾರೀಖೇ. ಎರಡೂ ಒಂದೇ ದಿನ ತಯಾರಾದವು, ನಾವು ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದ ಮರುದಿನ. ಹದಿನೇಳನೇ ನಂಬರಿನ ಎದುರಿಗೆ ನನ್ನ ಹೆಸರು. ಅದರ ಮೇಲೆ ಕೆಳಗೆ ಎಲ್ಲ ನನ್ನ ಜಾತಿಯವರೇ.

"ಏನಂತೆ?" ಅಂದ ಭಾವ. ಅವನಿಗೆ ಓದು ಬರಲ್ಲ.

ಹೆಂಡತಿ ಬಿಂದಿಗೆ ಕೆಳಗಿಟ್ಟು ಹತ್ತಿರ ಬಂದು ಕೂತಳು. ನಾನು ಪಟ್ಟಿಯನ್ನು ಬೆಳಕಿಗೆ ಹಿಡಿದು ಮೊದಲನೇ ಹೆಸರಿನ ಮೇಲೆ ಬೆರಳಿಟ್ಟೆ. ಒಂದೂ ಬಿಡದೆ, ಎಲ್ಲರಿಗೂ ಕೇಳೋ ಹಾಗೆ, ಗಟ್ಟಿಯಾಗಿ ಓದಿದೆ.