ಭಾವನ ಮುನ್ನೂರ ಹನ್ನೆರಡು ಮಾತುಗಳು

ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚಿನ ವಾರ ನನ್ನ ಭಾವ ತಮ್ಮ ಧ್ವನಿಯನ್ನು ಹಳೆಯದೊಂದು ಟ್ಯಾಬ್ಲೆಟ್ ಕಂಪ್ಯೂಟರಿನಲ್ಲಿ ತುಂಬಿಟ್ಟರು. ಒಟ್ಟು ಮುನ್ನೂರ ಹನ್ನೆರಡು ಮಾತುಗಳು. "ಬಂದೆ ಅಮ್ಮಾ", "ಊಟ ಆಯ್ತು", "ನಾಳೆ ನೋಡೋಣ ಬಿಡು" ಎಂಬಂಥ ಮನೆಯ ಮಾತುಗಳೇ ಹೆಚ್ಚು. ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಕಲಿಸಿದ ಬಾಯಿಯಾದ್ದರಿಂದ "ಕ್ಲಚ್ ತುಳಿಯಪ್ಪ, ನಿನ್ನ ದಮ್ಮಯ್ಯ" ಎಂಬುದೂ ನಡುವೆ ಸೇರಿಕೊಂಡಿತ್ತು. ಆ ವಾರ ಕಳೆದ ಮೇಲೆ ಅವರಿಗೆ ಧ್ವನಿ ಉಳಿಯಲಿಲ್ಲ.

ಈ ಏರ್ಪಾಡೆಲ್ಲ ಅವರ ತಾಯಿಗಾಗಿ. ನಾವೆಲ್ಲ ಅಜ್ಜಿಯೆಂದೇ ಕರೆಯುವ ಆಕೆಗೆ ಕಣ್ಣು ಕಾಣದಾಗಿ ಒಂಬತ್ತು ವರ್ಷ. ಹಿರಿಯ ಮಗ ಇದೇ ಗಂಟಲಿನ ಕಾಯಿಲೆಯಲ್ಲಿ ತೀರಿಕೊಂಡಿದ್ದ. ಕಿರಿಯವನಿಗೂ ಅದೇ ಬಂದಿದೆಯೆಂದು ತಿಳಿದರೆ ಆಕೆ ಉಳಿಯುವುದಿಲ್ಲವೆಂದು ಭಾವ ಹಟ ಹಿಡಿದರು. ಅಕ್ಕ ಮೊದಲು ಅತ್ತಳು, ಆಮೇಲೆ ಒಪ್ಪಿದಳು. ಆಸ್ಪತ್ರೆಯ ಮೂರು ವಾರವನ್ನು ಊರೂರು ಸುತ್ತುವ ಕೆಲಸವೆಂದು ಹೇಳಿ ದಾಟಿಸಿದ್ದಾಯಿತು. ಅಂದಿನಿಂದ ಭಾವ ಆ ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡೇ ತಾಯಿಯ ಕೋಣೆಗೆ ಹೋಗಿ, ಕೇಳಿದ್ದಕ್ಕೆಲ್ಲ ಗುಂಡಿ ಒತ್ತಿ ಉತ್ತರ ಕೊಡುತ್ತಿದ್ದರು.

ತೊಂದರೆಯೆಂದರೆ ಆ ಯಂತ್ರಕ್ಕೆ ವಯಸ್ಸಾಗಿತ್ತು. ಒಳಗಿನ ಹಾರ್ಡ್ ಡಿಸ್ಕು ಒಂದೊಂದು ಮಾತಿಗೂ ತಡಕಾಡುತ್ತಿತ್ತು. ಉತ್ತರ ಹೊರಬೀಳುವಷ್ಟರಲ್ಲಿ ಅಜ್ಜಿ ಎರಡು ಪ್ರಶ್ನೆ ಮುಂದೆ ಹೋಗಿರುತ್ತಿದ್ದರು.

"ಮೊಣಕಾಲು ನೋವು ಹೇಗಿದ್ಯೋ ಅಂದ್ರೆ ಊಟ ಆಯ್ತು ಅಂತೀಯಲ್ಲ, ಮೊಣಕಾಲಲ್ಲಿ ಊಟ ಮಾಡ್ತೀಯಾ?" ಎಂದು ಒಂದು ದಿನ ಗದರಿದರು. ಮತ್ತೊಂದು ದಿನ ಕಿವಿಗೊಟ್ಟು ಕೇಳಿ, "ನಿನ್ನ ಎದೇಲಿ ಏನೋ ಗರಗರ ಅಂತಿದೆ ಕಣೋ. ನಿಮ್ಮಣ್ಣನಿಗೂ ಹೀಗೇ ಶುರುವಾಗಿದ್ದು" ಎಂದರು.

ಗರಗರ ಎಂದದ್ದು ಡಿಸ್ಕು. ಅಕ್ಕ ಅಂದೇ ನನ್ನನ್ನು ಕರೆಸಿದಳು.

ಕ್ಯಾಸೆಟ್ಟುಗಳ ಕಾಲದಲ್ಲಿ ನನ್ನದು ಹಾಡುಗಳ ಪ್ರತಿ ತೆಗೆದುಕೊಡುವ ಅಂಗಡಿ. ಆ ಕಾಲ ಮುಗಿದ ಮೇಲೆ ಅದೇ ಮೇಜಿನ ಮೇಲೆ ಹಳೆಯ ಕಂಪ್ಯೂಟರುಗಳನ್ನು ಬಿಚ್ಚಲು ಕಲಿತವನು ನಾನು.

"ಈ ತಿರುಗೋ ಡಿಸ್ಕು ತೆಗೆದು ಸಾಲಿಡ್ ಸ್ಟೇಟ್ ಡ್ರೈವ್ ಹಾಕಿದ್ರೆ ಸದ್ದೇ ಇರಲ್ಲ ಭಾವ. ಒತ್ತೋದೇ ತಡ, ಮಾತು ಉದುರುತ್ತೆ" ಎಂದೆ.

ಭಾವ ಯೋಚಿಸಿ ಒಂದು ಗುಂಡಿ ಒತ್ತಿದರು. ಬಹಳ ಹೊತ್ತಿನ ಮೇಲೆ "ಕ್ಲಚ್ ತುಳಿಯಪ್ಪ, ನಿನ್ನ ದಮ್ಮಯ್ಯ" ಎಂದಿತು.

"ಹುಷಾರಾಗಿ ಮಾಡು ಅಂತಿದ್ದಾರೆ" ಎಂದಳು ಅಕ್ಕ. "ಹೋದ ಸಲ ನನ್ನ ಮಿಕ್ಸಿ ರಿಪೇರಿ ಮಾಡಿ ಫ್ಯಾನ್ ಮಾಡಿಕೊಟ್ಟೆ. ಗಾಳಿ ಬರುತ್ತೆ, ಏನೂ ಅರೆಯಲ್ಲ."

"ಅದು ಮಿಕ್ಸಿ ಅಕ್ಕ, ಇದು ನನ್ನ ಕಸುಬು. ಅಜ್ಜಿ ನಿದ್ದೆಯಿಂದ ಏಳೋದರೊಳಗೆ ತಂದುಕೊಡ್ತೀನಿ."

ಮಧ್ಯಾಹ್ನದ ಊಟವಾಗಿ ಅಜ್ಜಿ ಮಲಗಿದೊಡನೆ ಅಂಗಡಿಗೆ ಹೊರಟೆ. ಹಿಂಬದಿಯ ಆರು ತಿರುಪುಗಳನ್ನು ಬಿಚ್ಚಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಳೆಯ ಡಿಸ್ಕನ್ನು ಹೊರತೆಗೆದೆ. ಅದನ್ನೂ ಹೊಸ ಡ್ರೈವನ್ನೂ ಅಂಗಡಿಯ ಕಂಪ್ಯೂಟರಿಗೆ ಎರಡು ತಂತಿಗಳಿಂದ ಜೋಡಿಸಿದೆ. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಮೂವತ್ತು ವರ್ಷ ನನ್ನ ಜೋಡಿ ಟೇಪ್ ರೆಕಾರ್ಡರಿನಲ್ಲಿ ಎಡಗಡೆಯದು ಹಾಡುತ್ತಿತ್ತು, ಬಲಗಡೆಯದು ಬರೆದುಕೊಳ್ಳುತ್ತಿತ್ತು. ಪರದೆಯ ಮೇಲೂ ಎರಡು ಚೌಕಗಳಿದ್ದವು. ಕೈ ತಾನಾಗಿಯೇ ಹಳೆಯದನ್ನು ಎಡ ಚೌಕಕ್ಕೆ, ಹೊಸದನ್ನು ಬಲ ಚೌಕಕ್ಕೆ ಹಾಕಿತು. ಚೌಕಗಳ ಮೇಲಿದ್ದ ಸಣ್ಣ ಅಕ್ಷರಗಳನ್ನು ನಾನು ಓದಲಿಲ್ಲ. "ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಸಲೇ?" ಎಂದು ಕೇಳಿತು. ಹೊಸದರಲ್ಲಿ ಅಳಿಸುವುದಕ್ಕೆ ಏನಿದೆಯೆಂದುಕೊಂಡು ಹೌದೆಂದೆ.

ಪ್ರತಿ ಮುಗಿಯಲು ಒಂದೂಮುಕ್ಕಾಲು ಗಂಟೆ ಹಿಡಿಯಿತು. ಹೊಸ ಡ್ರೈವನ್ನು ಟ್ಯಾಬ್ಲೆಟ್ಟಿನೊಳಗೆ ಕೂರಿಸಿ ಚಾಲೂ ಮಾಡಿದೆ. ಸದ್ದಿಲ್ಲ. ಪರದೆ ಕಪ್ಪು; ಒಳಗೆ ಏನೂ ಇಲ್ಲವೆಂಬ ಒಂದೇ ಸಾಲು. ಹಳೆಯದನ್ನು ಮತ್ತೆ ಹಾಕಿದೆ. ಅದೇ ಸಾಲು. ಆಗ ಚೌಕಗಳ ಮೇಲಿನ ಅಕ್ಷರಗಳನ್ನು ಓದಿದೆ. ಬರೆಸಿಕೊಳ್ಳುವ ಡಿಸ್ಕು ಎಡಕ್ಕೆ ಬರಬೇಕಿತ್ತು. ಹೊಸದರ ಬರಿದನ್ನು ನಾನು ಹಳೆಯದರ ಮೇಲೆ, ಒಂದು ಕೂದಲೆಳೆಯೂ ತಪ್ಪದಂತೆ, ಪ್ರತಿ ತೆಗೆದಿದ್ದೆ.

ಕಳೆದುಹೋದ ಕಡತಗಳನ್ನು ತೆಗೆದುಕೊಡುವ ಪರಿಚಯದವನೊಬ್ಬನಿಗೆ ಫೋನ್ ಮಾಡಿದೆ.

"ಪೂರ್ತಿ ಬರೆದು ಮುಗಿಸಿಬಿಟ್ಟಿದ್ಯಾ?"

"ಪೂರ್ತಿ."

"ಇನ್ನೊಂದು ಪ್ರತಿ?"

"ಇಲ್ಲ" ಎಂದೆ. ಗಿರಾಕಿಗಳಿಗೆಲ್ಲ ಅದೇ ಬುದ್ಧಿ ಹೇಳುತ್ತಿದ್ದವನು ನಾನು.

"ಹಾಗಾದ್ರೆ ತರೋ ತೊಂದರೆ ತಗೋಬೇಡ ಮಾರಾಯ" ಎಂದ ಆತ.

ಅಕ್ಕನ ಮನೆಗೆ ಹತ್ತು ನಿಮಿಷದ ಹಾದಿ. ಅರ್ಧ ಗಂಟೆ ನಡೆದೆ. ಬಾಗಿಲಲ್ಲೇ ಇದ್ದ ಭಾವ ನಗುತ್ತ ಟ್ಯಾಬ್ಲೆಟ್ಟಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಅಕ್ಕ ನನ್ನ ಮುಖ ನೋಡಿದಳು.

"ಎಷ್ಟು ಹೋಯ್ತು?"

"ಎಲ್ಲಾ."

ಅವಳು ಬೈಯಲಿಲ್ಲ. ಬೈದಿದ್ದರೆ ನಿಲ್ಲುವುದಕ್ಕೊಂದು ಜಾಗವಾದರೂ ಸಿಗುತ್ತಿತ್ತು.

ಅಷ್ಟರಲ್ಲಿ ಒಳಕೋಣೆಯ ಮಂಚ ಕಿರುಗುಟ್ಟಿತು. "ಮಗಾ, ಬಂದ್ಯೇನೋ?"

"ಹೊರಗೆ ಹೋಗಿದ್ದಾರೆ ಅತ್ತೆ" ಎಂದಳು ಅಕ್ಕ.

"ಯಾರಿಗೆ ಹೇಳ್ತೀಯೇ? ಅವನ ಚಪ್ಪಲಿ ಸದ್ದು ಈಗ ತಾನೇ ಕೇಳಿಸ್ತು."

ನನಗೇನು ಬುದ್ಧಿ ಬಂತೋ, ಗಂಟಲು ದಪ್ಪ ಮಾಡಿಕೊಂಡು "ಬಂದೆ ಅಮ್ಮಾ" ಎಂದುಬಿಟ್ಟೆ.

ಅಜ್ಜಿಗೆ ನನ್ನ ಗುರುತು ಸಿಕ್ಕಿತು. "ನೀನ್ಯಾಕೋ ಅವನ ಹಾಗೆ ಕೂಗ್ತೀಯ? ನಾಟಕ ಆಡೋ ವಯಸ್ಸೇನೋ ನಿಂದು? ಅವನೆಲ್ಲಿ?"

ಭಾವ ನನ್ನ ಹೆಗಲನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಮಂಚದ ಅಂಚಿನಲ್ಲಿ ಕುಳಿತರು. ಅಜ್ಜಿಯ ಕೈ ಹಾಸಿಗೆಯ ಮೇಲೆ ಹುಡುಕಾಡಿ ಅವರ ಮಣಿಕಟ್ಟನ್ನು ಹಿಡಿಯಿತು.

"ಇಲ್ಲೇ ಇದ್ದೀಯಲ್ಲೋ. ಯಾಕೆ ಮಾತಾಡಲ್ಲ?"

ಭಾವ ಬಾಯಿ ತೆರೆದರು. ತುಟಿಗಳು ಆಡಿದವು, ಕುತ್ತಿಗೆಯಲ್ಲಿ ಉಸಿರಿಗೆಂದು ಕೊರೆದಿದ್ದ ರಂಧ್ರದ ಮೇಲಿನ ಬಟ್ಟೆ ಉಬ್ಬಿ ಇಳಿಯಿತು. ಅಕ್ಕ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು.

"ನನ್ನ ಮೇಲೆ ಸಿಟ್ಟೇನೋ? ಮೊನ್ನೆ ಗದರಿಸಿದ್ದಕ್ಕಾ?" ಅಜ್ಜಿ ಆ ಕೈಯನ್ನು ಮೆಲ್ಲಗೆ ಅಲುಗಿಸಿದರು. "ಬೈಯಾದ್ರೂ ಬೈಯೋ, ಮಗಾ. ಏನಾದ್ರೂ ಅನ್ನು."

ಭಾವ ಏನೋ ಅನ್ನುತ್ತಲೇ ಇದ್ದರು. ಬೆಳಕು ಅವರ ಮುಖದ ಮೇಲೇ ಬಿದ್ದಿತ್ತು; ತುಟಿಗಳ ಮೇಲೆ ಕಣ್ಣು ನೆಟ್ಟು ನಿಂತರೂ, ಏನೆಂದು ನನಗೆ ತಿಳಿಯಲಿಲ್ಲ.